ನಾನೇ ತೆಗೆದ ಫೋಟೊ, ಅಪ್ಪನ ವಿರುದ್ಧ ಸಾಕ್ಷಿ

‘ನೋಡೋ, ಇದನ್ನ ತೆಗೆದಿದ್ದು ನಿನ್ನ ಮಗಳೇ. ಇನ್ನೇನು ಸಾಕ್ಷಿ ಬೇಕು ನಿಂಗೆ?’

ದೊಡ್ಡಪ್ಪ ಮೊಬೈಲನ್ನು ಅಪ್ಪನ ಮುಖದ ಹತ್ತಿರ ಹಿಡಿದಿದ್ದರು. ಜಗಲಿಯ ಮೇಲೆ ಊರಿನ ಇಬ್ಬರು ಹಿರಿಯರು ಕೂತಿದ್ದರು. ಅಮ್ಮ ತಂದಿಟ್ಟ ಕಾಫಿ ಆರಿಹೋಗಿತ್ತು. ಪರದೆಯ ಮೇಲೆ ನಮ್ಮ ಅಜ್ಜಿ ಅಕ್ಕನ ಮಗುವನ್ನು ಎತ್ತಿಕೊಂಡು ನಗುತ್ತಿದ್ದಳು. ಅವಳ ಹಿಂದೆ ನಮ್ಮ ಹಿತ್ತಲಿನ ಹಲಸಿನ ಮರ, ಅದರ ಪಕ್ಕಕ್ಕೆ, ಇನ್ನೂ ಹಿಂದೆ, ಕರೆಂಟು ಕಂಬ. ಮರ ಕಂಬದ ಎಡಕ್ಕಿತ್ತು. ಎಡಕ್ಕೆ ಇರುವುದೆಲ್ಲ ದೊಡ್ಡಪ್ಪನ ಪಾಲು.

2022ರಲ್ಲಿ ಅಕ್ಕನ ಮಗುವಿನ ತೊಟ್ಟಿಲು ಶಾಸ್ತ್ರದ ದಿನ ನಾನೇ ತೆಗೆದ ಫೋಟೊ ಅದು. ಚೆನ್ನಾಗಿ ಬಂದಿದೆ ಎಂದು ನಾನೇ ಮನೆಯವರ ಗ್ರೂಪಿಗೆ ಹಾಕಿದ್ದೆ. ಎಲ್ಲರೂ ಹೃದಯದ ಚಿಹ್ನೆ ಒತ್ತಿದ್ದರು. ದೊಡ್ಡಪ್ಪ ಕೂಡ.

ನಮ್ಮದು ಶಿಕಾರಿಪುರ ತಾಲ್ಲೂಕಿನ ಈಸೂರು. ಹೆಸರು ಕೇಳಿದರೆ ಪರೀಕ್ಷೆಗೆ ಓದುವವರಿಗೆಲ್ಲ 1942 ನೆನಪಾಗುತ್ತದೆ. ಕ್ವಿಟ್ ಇಂಡಿಯಾ ಕಾಲದಲ್ಲಿ ತಾನೇ ಸ್ವತಂತ್ರ ಎಂದು ಘೋಷಿಸಿಕೊಂಡ ಹಳ್ಳಿ, ಮರುವರ್ಷ ಐವರು ಗಲ್ಲಿಗೇರಿದ ಹಳ್ಳಿ. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂದವರ ಮೊಮ್ಮಕ್ಕಳು ಒಂದು ಹಲಸಿನ ಮರ ಬಿಟ್ಟುಕೊಡುತ್ತಾರೆಯೇ? ಅಪ್ಪ, ದೊಡ್ಡಪ್ಪ ಇಬ್ಬರೂ ಅದೇ ಊರಿನ ನೀರು ಕುಡಿದವರು.

ವಿಷಯ ಇಷ್ಟೆ. ಅಜ್ಜ ಇದ್ದಾಗಲೇ ಮನೆ ಎರಡು ಪಾಲಾಗಿದೆ. ನಡುವೆ ಒಂದು ಗೋಡೆ. ಹಿತ್ತಲಿನಲ್ಲಿ ಗೋಡೆಯಿಲ್ಲ. ಗೋಡೆಯ ಬುಡದಲ್ಲೊಂದು ಗಡಿಕಲ್ಲು, ಹಿಂದಿನ ಓಣಿಯಲ್ಲಿ ಕರೆಂಟು ಕಂಬ. ‘ಕಲ್ಲಿನಿಂದ ಕಂಬಕ್ಕೆ ನೇರ’ ಎಂದು ಅಜ್ಜ ಬಾಯಲ್ಲಿ ಹೇಳಿದ್ದ ಗಡಿ. ಇಪ್ಪತ್ತು ವರ್ಷ ಯಾರೂ ಅದನ್ನು ನೋಡಲಿಲ್ಲ. ಕಲ್ಲಿನ ಮೇಲೆ ಕಟ್ಟಿಗೆ ರಾಶಿ ಬಿತ್ತು, ನಡುವೆ ಹುಲ್ಲಿನ ಬಣವೆ ಎದ್ದಿತು, ಬಾಳೆ, ಕೆಸವು ಬೆಳೆದುಕೊಂಡವು. ಹಲಸಿನ ಹಣ್ಣನ್ನು ಯಾರು ಬೇಕಾದರೂ ಇಳಿಸುತ್ತಿದ್ದರು. ದೊಡ್ಡಪ್ಪನ ಮಗ ಹೊಸ ಮನೆ ಕಟ್ಟಲು ಹೊರಟು, ಬಾಗಿಲಿಗೆ ಹಲಸಿನ ಮರವೇ ಆಗಲಿ ಎಂದಾಗ, ಅಪ್ಪ ‘ಮರ ನಮ್ಮ ಪಾಲಿಂದು’ ಎಂದರು. ಸರ್ವೆಯವರನ್ನು ಕರೆಸೋಣ ಎಂಬ ಮಾತು ಬಂತು. ‘ಅಣ್ಣತಮ್ಮರ ಮಧ್ಯ ಸರ್ಕಾರ ಯಾಕ್ರೋ’ ಎಂದು ಅಜ್ಜಿ ತಡೆದಳು. ಆಗ ಹೊರಬಂದದ್ದು ನನ್ನ ಫೋಟೊ.

‘ಫೋಟೊ ಸುಳ್ಳು ಹೇಳಲ್ಲ’ ಎಂದರು ಹಿರಿಯರಲ್ಲಿ ಒಬ್ಬರು. ಅಪ್ಪ ನನ್ನ ಕಡೆ ನೋಡಿದರು. ನಾನು ಶಿಕಾರಿಪುರದ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ, ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದುತ್ತಾ ಮನೆಯಲ್ಲಿ ಕೂತವಳು. ಭೌತಶಾಸ್ತ್ರ ಓದಿ ಏನು ಉಪಯೋಗವಾಯಿತು ಎಂದು ಯಾರೂ ಕೇಳಲಿಲ್ಲ. ಆದರೆ ಆ ನೋಟದಲ್ಲಿ ಆ ಪ್ರಶ್ನೆ ಇತ್ತು. ‘ಎರಡು ದಿನ ಟೈಮ್ ಕೊಡಿ ದೊಡ್ಡಪ್ಪ’ ಎಂದೆ.

ಆ ರಾತ್ರಿ ನೆನಪಾದದ್ದು ಹಂಪಿ. ಎರಡನೇ ವರ್ಷದ ಪ್ರವಾಸದಲ್ಲಿ ವಿರೂಪಾಕ್ಷ ದೇವಸ್ಥಾನಕ್ಕೆ ಹೋಗಿದ್ದೆವು. ಗರ್ಭಗುಡಿಯ ಹಿಂದಿನ ಕತ್ತಲೆಯ ಜಾಗದಲ್ಲಿ, ಸುಣ್ಣ ಬಳಿದ ಗೋಡೆಯ ಮೇಲೆ, ಗೋಪುರ ತಲೆಕೆಳಗಾಗಿ ನಿಂತಿತ್ತು. ಸುಮಾರು 50 ಮೀಟರ್ ಎತ್ತರದ ಗೋಪುರ, ಮಕ್ಕಳ ಎತ್ತರಕ್ಕೆ ಕುಗ್ಗಿ, ಶಿಖರ ಕೆಳಗೆ, ಬುಡ ಮೇಲೆ. ಎದುರಿನ ಗೋಡೆಯಲ್ಲಿ ಒಂದು ಸಣ್ಣ ಕಿಂಡಿ. ಅಷ್ಟೇ ಯಂತ್ರ. ಗೈಡು ಪವಾಡ ಎಂದರು, ನಮ್ಮ ಮೇಷ್ಟ್ರು ‘ಇದು ಕ್ಯಾಮೆರಾ ಕಣ್ರೋ’ ಎಂದರು. ನಾವು ಎರಡನ್ನೂ ಕೇಳಿಸಿಕೊಳ್ಳದೆ ಆ ಗೋಪುರದ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡೆವು. ಕ್ಯಾಮೆರಾ ಎಂಬ ಪದಕ್ಕೆ ಲ್ಯಾಟಿನ್‌ನಲ್ಲಿ ಕೋಣೆ ಎಂದೇ ಅರ್ಥ. ಕತ್ತಲೆ ಕೋಣೆ ಎಂಬ ಎರಡು ಪದದ ಹೆಸರಿನಲ್ಲಿ ಕತ್ತಲೆ ಬಿದ್ದುಹೋಗಿ ಕೋಣೆ ಉಳಿದಿದೆ. ಅಂದರೆ ಅವತ್ತು ನಾವು ಒಂದು ಕ್ಯಾಮೆರಾದ ಹೊಟ್ಟೆಯೊಳಗೆ ನಿಂತು ಇನ್ನೊಂದು ಕ್ಯಾಮೆರಾದಲ್ಲಿ ಫೋಟೊ ತೆಗೆಯುತ್ತಿದ್ದೆವು.

ಮರುದಿನ ಬೆಳಿಗ್ಗೆ ನಮ್ಮ ಭತ್ತದ ಕೋಣೆಯನ್ನೇ ಕ್ಯಾಮೆರಾ ಮಾಡಿದೆ. ರಸ್ತೆ ಕಡೆಗಿನ ಒಂದೇ ಒಂದು ಕಿಟಕಿಗೆ ರಟ್ಟು ಬಡಿದು, ಸಂದಿಗಳಿಗೆಲ್ಲ ಹಳೆ ಸೀರೆ ತುರುಕಿ, ರಟ್ಟಿನ ನಡುವೆ ಪೆನ್ಸಿಲ್ ತೂರುವಷ್ಟು ತೂತು ಮಾಡಿದೆ. ಎದುರಿಗೆ ಬಿಳಿ ಪಂಚೆ ಕಟ್ಟಿದೆ. ಮೊದಲ ಐದು ನಿಮಿಷ ಏನೂ ಕಾಣಲಿಲ್ಲ. ಇದನ್ನು ಮಾಡಲು ಹೋಗುವವರಿಗೆ ಹೇಳುತ್ತೇನೆ, ಆ ಐದು ನಿಮಿಷ ಕಾಯಲೇಬೇಕು, ಕಣ್ಣು ಕತ್ತಲೆಗೆ ಒಗ್ಗಬೇಕು. ಆಮೇಲೆ ಪಂಚೆಯ ಮೇಲೆ ಕೆಳಗಡೆ ನೀಲಿ ಆಕಾಶ, ಮೇಲುಗಡೆ ಕೆಂಪು ರಸ್ತೆ. ಶಿರಾಳಕೊಪ್ಪದ ಕಡೆಗೆ ಹೋಗುವ ಬಸ್ಸು ಹೊರಗೆ ಎಡದಿಂದ ಬಲಕ್ಕೆ ಹೋದರೆ ಪಂಚೆಯ ಮೇಲೆ ಚಕ್ರ ಮೇಲಾಗಿ ತಿರುಗುಮುರುಗು ಹೋಯಿತು. ಅಜ್ಜಿಯನ್ನು ಕರೆದು ತೋರಿಸಿದೆ. ‘ಇದು ನಮ್ ಬಸ್ಸೇನೇ?’ ಎಂದು ಕಿಟಕಿಯ ರಟ್ಟಿಗೆ ಕಿವಿಯಿಟ್ಟು ಸದ್ದು ಕೇಳಿ ಖಾತರಿ ಮಾಡಿಕೊಂಡಳು.

ತೂತು ಏನು ಮಾಡುತ್ತದೆ ಎಂದರೆ, ಹೆಚ್ಚಿನದನ್ನೆಲ್ಲ ತಡೆಯುತ್ತದೆ. ಕಿಟಕಿ ಪೂರ್ತಿ ತೆರೆದಿದ್ದರೂ ಬಸ್ಸಿನ ಬೆಳಕು ಆ ಗೋಡೆಗೆ ಬೀಳುತ್ತಲೇ ಇರುತ್ತದೆ. ಆದರೆ ಗೋಡೆಯ ಪ್ರತಿ ಚುಕ್ಕೆಗೂ ಬಸ್ಸು, ಮರ, ಆಕಾಶ ಎಲ್ಲದರ ಬೆಳಕೂ ಒಟ್ಟಿಗೆ ಬಿದ್ದು ಕಲಸಿಹೋಗಿ ಬರೀ ಬೆಳಕಾಗುತ್ತದೆ. ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದರೆ ಒಬ್ಬರ ಮಾತೂ ಕೇಳದ ಹಾಗೆ. ತೂತು ಮಾತ್ರ ಇದ್ದರೆ ಗೋಡೆಯ ಒಂದು ಚುಕ್ಕೆಗೆ ಹೊರಗಿನ ಒಂದೇ ದಿಕ್ಕಿನ ಬೆಳಕು ಬರಲು ಸಾಧ್ಯ. ಬೆಳಕು ನೇರ ಹೋಗುವುದರಿಂದ ಮೇಲಿನಿಂದ ಬಂದದ್ದು ತೂತಿನಲ್ಲಿ ದಾಟಿ ಕೆಳಗೆ, ಎಡದ್ದು ಬಲಕ್ಕೆ. ಸಾವಿರ ವರ್ಷದ ಹಿಂದೆ ಇಬ್ನ್ ಅಲ್ ಹೈಥಮ್ ಎಂಬ ಅರಬ್ ವಿದ್ವಾಂಸ ಹಲವು ದೀಪಗಳನ್ನು ಸಾಲಾಗಿಟ್ಟು ಇದನ್ನು ಪರೀಕ್ಷಿಸಿದ್ದ. ಒಂದು ದೀಪವನ್ನು ಮರೆ ಮಾಡಿದರೆ ಗೋಡೆಯ ಮೇಲೆ ಅದರ ಬೆಳಕು ಮಾತ್ರ ಮಾಯ. ಒಂದೇ ತೂತಿನಲ್ಲಿ ದಾಟಿದರೂ ಬೆಳಕುಗಳು ಒಂದಕ್ಕೊಂದು ಬೆರೆಯುವುದಿಲ್ಲ.

ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಹೊಸದಲ್ಲ ಎಂದು ಆಮೇಲೆ ಹೊಳೆಯಿತು. ಹೆಂಚಿನ ಸಂದಿಯಿಂದ ನೆಲಕ್ಕೆ ಬೀಳುವ ಬಿಸಿಲಿನ ಬಿಲ್ಲೆಗಳನ್ನು ಹಿಡಿಯಲು ಚಿಕ್ಕಂದಿನಲ್ಲಿ ನಾವೆಲ್ಲ ಅಂಗೈ ಚಾಚಿದವರೇ. ಸಂದಿ ವಕ್ರವಾಗಿರುತ್ತದೆ, ಬಿಲ್ಲೆ ಮಾತ್ರ ದುಂಡಗೆ. ಯಾಕೆಂದರೆ ಅದು ಸಂದಿಯ ಆಕಾರವಲ್ಲ, ಸೂರ್ಯನ ಚಿತ್ರ. 2019ರ ಡಿಸೆಂಬರ್ 26ರ ಗ್ರಹಣದಲ್ಲಿ ನಮ್ಮ ಶಾಲೆಯ ಮಾವಿನ ಮರದ ನೆರಳಿನ ತುಂಬ ಕುಡುಗೋಲಿನಂಥ ಬಿಲ್ಲೆಗಳು ಬಿದ್ದಿದ್ದವು. ಎಲೆಗಳ ಸಂದಿಗಳೆಲ್ಲ ಒಂದೊಂದು ಕ್ಯಾಮೆರಾ. ಸೂರ್ಯನ ಅಗಲ ಸುಮಾರು 13.9 ಲಕ್ಷ ಕಿಲೋಮೀಟರ್, ದೂರ ಸುಮಾರು 15 ಕೋಟಿ ಕಿಲೋಮೀಟರ್. ಭಾಗಿಸಿದರೆ ಹೆಚ್ಚುಕಡಿಮೆ 108. ಹಾಗಾಗಿ ಹೆಂಚಿನ ಸಂದಿಯಿಂದ ಬೆಳಕು 9 ಅಡಿ, ಅಂದರೆ 108 ಇಂಚು ಸಾಗಿ ನೆಲ ಮುಟ್ಟಿದರೆ ಬಿಲ್ಲೆ ಒಂದು ಇಂಚು. ಅಳೆದು ನೋಡಿದೆ, ಸಂದಿಯ ಅಗಲವೂ ಸೇರಿ ತುಸು ಹೆಚ್ಚು ಬಂತು. ಜಪಮಾಲೆಗೂ ಈ 108ಕ್ಕೂ ಸಂಬಂಧ ಕಟ್ಟುವವರಿದ್ದಾರೆ, ಆ ಜಗಳ ನನಗೆ ಬೇಡ, ಮನೆಯಲ್ಲಿರುವುದೇ ಸಾಕು.

ಈ ಲೆಕ್ಕದಲ್ಲೇ ನನ್ನ ಫೋಟೊದ ಕಥೆಯೂ ಇದೆ. ತೂತಿನಿಂದ ಪಂಚೆ 5 ಅಡಿ ಹಿಂದಿದೆ ಎನ್ನಿ. 50 ಅಡಿ ದೂರದಲ್ಲಿ 10 ಅಡಿ ಎತ್ತರದ ಬಸ್ಸು ನಿಂತರೆ ಪಂಚೆಯ ಮೇಲೆ ಅದು 1 ಅಡಿ. 100 ಅಡಿ ದೂರದಲ್ಲಿ 20 ಅಡಿಯ ಮರ ಇದ್ದರೆ ಅದೂ 1 ಅಡಿ. ಹೊರಗಿನ ಯಾವುದೇ ವಸ್ತುವಿಗೆ ಮೂರು ಅಳತೆ: ಎಷ್ಟು ಪಕ್ಕಕ್ಕೆ, ಎಷ್ಟು ಮೇಲೆ, ಎಷ್ಟು ದೂರ. ಕ್ಯಾಮೆರಾ ಮೊದಲ ಎರಡನ್ನೂ ಮೂರನೆಯದರಿಂದ ಭಾಗಿಸುತ್ತದೆ. ಭಾಗಾಕಾರದ ಉತ್ತರ ಫೋಟೊದಲ್ಲಿ ಉಳಿಯುತ್ತದೆ, ಭಾಗಿಸಿದ ಸಂಖ್ಯೆಯನ್ನು ಅಳಿಸಿಹಾಕುತ್ತದೆ. ಉತ್ತರ 2 ಎಂದು ಮಾತ್ರ ಕೊಟ್ಟು ಯಾವುದನ್ನು ಯಾವುದರಿಂದ ಭಾಗಿಸಿದೆ ಎಂದು ಕೇಳಿದರೆ ಯಾರು ಹೇಳಬಲ್ಲರು? 4 ಭಾಗ 2 ಇರಬಹುದು, 90 ಭಾಗ 45 ಇರಬಹುದು. ಅಡಿಕೆ ತೋಟದ ಸಮಾಂತರ ಸಾಲುಗಳು ಫೋಟೊದಲ್ಲಿ ದೂರ ಹೋಗುತ್ತಾ ಕೂಡಿಕೊಳ್ಳುವುದೂ, ಮುಳುಗುವ ಸೂರ್ಯನನ್ನು ಅಂಗೈಯಲ್ಲಿ ಹಿಡಿದಂತೆ ಫೋಟೊ ಬರುವುದೂ ಇದೇ ಭಾಗಾಕಾರದಿಂದ. ನಮ್ಮೂರಿಗೆ ಬರುವವರು ಹುತಾತ್ಮರ ಸ್ಮಾರಕದ ಮುಂದೆ ಮೊಬೈಲಿಗೆ ತೀರ ಹತ್ತಿರ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಫೋಟೊದಲ್ಲಿ ಸ್ಮಾರಕ ಅವರ ಭುಜದ ಮಟ್ಟಕ್ಕಿರುತ್ತದೆ.

ಅರ್ಜಿಗೆ ಸೆಲ್ಫಿಯನ್ನೇ ಕತ್ತರಿಸಿ ಹಾಕುವ ನನ್ನಂಥವರಿಗೆ ಇಲ್ಲೊಂದು ಅಡ್ಡಮಾತು. ಮೊಬೈಲು ಮೂಗಿನಿಂದ 12 ಇಂಚು ದೂರ ಇದ್ದು, ಕಿವಿ ಮೂಗಿಗಿಂತ 4 ಇಂಚು ಹಿಂದೆ ಇದ್ದರೆ, ಕಿವಿಗೆ ಹೋಲಿಸಿ ಮೂಗು ಮೂರರಲ್ಲೊಂದು ಪಾಲು ಹಿಗ್ಗಿ ಬರುತ್ತದೆ. 16 ಭಾಗ 12. ಸ್ಟುಡಿಯೊದವನು ಆರು ಅಡಿ ದೂರದಿಂದ ತೆಗೆದರೆ 76 ಭಾಗ 72, ಆ ಹಿಗ್ಗು ನೂರಕ್ಕೆ ಐದಾರಕ್ಕೆ ಇಳಿಯುತ್ತದೆ. ನಮ್ಮ ಮೂಗಿನ ತಪ್ಪೇನೂ ಇಲ್ಲ.

‘ನಿನ್ನ ಮೊಬೈಲಿನಲ್ಲಿ ತೂತಿಲ್ಲವಲ್ಲ, ಗಾಜಿದೆಯಲ್ಲ’ ಎಂದು ಅಣ್ಣ, ದೊಡ್ಡಪ್ಪನ ಮಗ, ಕೇಳಿದ. ಒಳ್ಳೆಯ ಪ್ರಶ್ನೆಯೇ. ತೂತು ಸಣ್ಣದಾದಷ್ಟೂ ಚಿತ್ರ ಸ್ಪಷ್ಟ, ಆದರೆ ಮಬ್ಬು. ತೀರ ಸಣ್ಣದು ಮಾಡಿದರೆ ಬೆಳಕೇ ಅಂಚಿನಲ್ಲಿ ಹರಡಿ ಮತ್ತೆ ಕಲಸುತ್ತದೆ. ಮಸೂರ ದೊಡ್ಡ ತೂತಿನಷ್ಟು ಬೆಳಕು ಹಿಡಿದು, ಒಂದು ಚುಕ್ಕೆಯಿಂದ ಹೊರಟದ್ದನ್ನೆಲ್ಲ ಮತ್ತೆ ಒಂದೇ ಚುಕ್ಕೆಗೆ ತಂದು ಸೇರಿಸುತ್ತದೆ. ಅದಕ್ಕೆ ತೆರಬೇಕಾದ ಬೆಲೆ ಫೋಕಸ್ಸು, ಒಂದು ದೂರದ್ದು ಸ್ಪಷ್ಟವಾದರೆ ಬೇರೆ ದೂರದ್ದು ಮಸುಕು. ಆದರೆ ಯಾವ ವಸ್ತು ಫೋಟೊದಲ್ಲಿ ಎಲ್ಲಿ ಕೂರಬೇಕು ಎಂಬ ವಿಷಯದಲ್ಲಿ ಮಸೂರವೂ ತನ್ನ ನಡುವೆ ಒಂದು ತೂತು ಇದೆಯೇನೋ ಎಂಬಂತೆಯೇ ನಡೆದುಕೊಳ್ಳುತ್ತದೆ. ತಲೆಕೆಳಗಾದದ್ದನ್ನು ಮೊಬೈಲು ನೆಟ್ಟಗೆ ಮಾಡಿ ತೋರಿಸುತ್ತದೆ. ನಮ್ಮ ಕಣ್ಣಿನೊಳಗೂ ಚಿತ್ರ ಬೀಳುವುದು ತಲೆಕೆಳಗಾಗಿಯೇ.

ಎರಡು ದಿನ ಮುಗಿದು ಎಲ್ಲರೂ ಮತ್ತೆ ಸೇರಿದಾಗ ನಾನು ದೊಡ್ಡಪ್ಪನನ್ನು ನಮ್ಮ ಹಿತ್ತಲ ಬಾಗಿಲ ಮೆಟ್ಟಿಲಿಗೆ ಕರೆದೆ. ಫೋಟೊ ತೆಗೆದದ್ದು ಅಲ್ಲೇ ನಿಂತು. ‘ಇಲ್ಲಿಂದ ನೋಡಿ, ಮರ ಎಲ್ಲಿದೆ?’ ‘ಕಂಬದ ಎಡಕ್ಕೆ. ಅದನ್ನೇ ಅಲ್ವೇನೆ ನಾನು ಹೇಳ್ತಿರೋದು?’ ‘ಈಗ ನಿಮ್ಮ ಹಿತ್ತಲ ಬಾಗಿಲಿಗೆ ಹೋಗಿ ನೋಡಿ.’ ಹೋಗಿ ನೋಡಿದರು. ಅಲ್ಲಿಂದ ಮರ ಕಂಬದ ಬಲಕ್ಕಿತ್ತು. ಅವರ ಬಾಗಿಲಿನಿಂದ ಮರ ನಮ್ಮದು, ನಮ್ಮ ಬಾಗಿಲಿನಿಂದ ಮರ ಅವರದು. ಹಿರಿಯರು ನಕ್ಕುಬಿಟ್ಟರು. ಹೆಬ್ಬೆರಳನ್ನು ಮುಂದೆ ಹಿಡಿದು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ ನೋಡಿ ಎಂದೆ. ಹತ್ತಿರದ ಬೆರಳು ದೂರದ ಕಂಬದ ಆಚೆಗೂ ಈಚೆಗೂ ಕುಣಿಯಿತು. ದೊಡ್ಡಪ್ಪ ಮೂರು ಸಲ ಮಾಡಿ ನೋಡಿದರು, ಬೇಡವೆಂದರೂ ಅವರ ಮುಖದಲ್ಲಿ ಮಗುವಿನ ಕುತೂಹಲ ಬಂದಿತ್ತು.

ಟೇಪು ಹಿಡಿದು ನಮ್ಮ ಪಾಲಿನ ಕಡೆಯಿಂದಲೇ ಅಳೆದೆವು. ಮನೆಯ ಹಿಂಗೋಡೆಯಿಂದ ಕಂಬ 90 ಅಡಿ, ಮರ 60 ಅಡಿ. ನಾನು ನಿಂತ ಮೆಟ್ಟಿಲು ನಡುಗೋಡೆಯಿಂದ ಬಲಕ್ಕೆ 12 ಅಡಿ. ನನ್ನ ಕಣ್ಣಿನಿಂದ ಕಂಬಕ್ಕೆ ಎಳೆದ ಗೆರೆ ಮೆಟ್ಟಿಲ ಬಳಿ ಗಡಿಯಿಂದ 12 ಅಡಿ ಈಚೆ ಇದೆ, ಕಂಬದ ಬಳಿ ಗಡಿಗೇ ಸೇರುತ್ತದೆ. ಮರದ ಹತ್ತಿರ ಬರುವ ಹೊತ್ತಿಗೆ ಮೂರರಲ್ಲಿ ಎರಡು ಪಾಲು ದಾರಿ ಮುಗಿದಿರುತ್ತದೆ, ಹಾಗಾಗಿ 12ರಲ್ಲಿ ಮೂರನೇ ಒಂದು ಉಳಿದಿರುತ್ತದೆ. ಅಂದರೆ ಮರ ನಮ್ಮ ಪಾಲಿನೊಳಗೆ ನಾಲ್ಕು ಅಡಿಯವರೆಗೆ ಇದ್ದರೂ ನನ್ನ ಫೋಟೊದಲ್ಲಿ ಅದು ಕಂಬದ ಎಡಕ್ಕೇ ಕಾಣುತ್ತದೆ. ಫೋಟೊದಿಂದ ಏನೂ ಸಾಬೀತಾಗಲಿಲ್ಲ. ಅಪ್ಪ ಅವತ್ತು ಎರಡು ಮುದ್ದೆ ಹೆಚ್ಚಿಗೆ ಉಂಡರು. ‘ಬಿ.ಎಸ್ಸಿ. ಮಾಡಿಸಿದ್ದು ದಂಡವಾಗಲಿಲ್ಲ ಕಣೇ’ ಎಂದು ಅಮ್ಮನಿಗೆ ಹೇಳಿದ್ದು ನನಗೂ ಕೇಳಿಸಿತು.

ಕ್ಯಾಮೆರಾ ಎಲ್ಲಿ ನಿಂತಿತ್ತು ಎಂಬುದು ಎಷ್ಟು ದೊಡ್ಡ ಮಾತು ಎಂಬುದಕ್ಕೆ ಹಂಪಿಯಲ್ಲೇ ಇನ್ನೊಂದು ಉದಾಹರಣೆ ಇದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಫೋಟೊ ತೆಗೆದ. ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರ ಇತ್ತು ಎಂದು ನಮಗೆ ಗೊತ್ತಿರುವುದು ಆ ಫೋಟೊದಿಂದ. ಈಗ ಅದಿಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಆ ಹಳೆ ಫೋಟೊಗಳನ್ನು ಮುಂದಿಟ್ಟುಕೊಂಡು ಅದೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಅದೇ ಜಾಗ ಎಂದರೆ ಸುಮಾರಾಗಿ ಅಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಹೋದರೂ ಮುಂದಿನ ಕಂಬ ಹಿಂದಿನ ಗೋಪುರದ ಬೇರೆ ಕಡೆಗೆ ಸರಿಯುತ್ತದೆ. ಹತ್ತಿರದ್ದೂ ದೂರದ್ದೂ ಹಳೆ ಫೋಟೊದಂತೆಯೇ ಒಂದಕ್ಕೊಂದು ಕೂಡುವ ಬಿಂದು ಒಂದೇ ಒಂದು. ನೂರಿಪ್ಪತ್ತೈದು ವರ್ಷಕ್ಕೂ ಹಿಂದೆ ಒಬ್ಬ ಮನುಷ್ಯ ಮುಕ್ಕಾಲಿ ಊರಿದ ಜಾಗವನ್ನು ಫೋಟೊವೇ ಹೇಳುತ್ತದೆ.

ಇದನ್ನು ಓದುತ್ತಾ ರಾತ್ರಿ ಹಾಸಿಗೆಯ ಮೇಲೆ ಕೂತಿದ್ದಾಗ ಎದೆ ಧಸಕ್ಕೆಂದಿತು. ಫೋಟೊಗೆ ತೆಗೆದವಳ ಜಾಗ ಗೊತ್ತು, ಕಂಬದ ದೂರ ಗೊತ್ತು, ಮರದ ದೂರವೂ ಟೇಪಿನಲ್ಲಿ ಸಿಕ್ಕಿದೆ. ಕ್ಯಾಮೆರಾ ಅಳಿಸಿಹಾಕಿದ ಸಂಖ್ಯೆಯನ್ನು ನಾವೇ ವಾಪಸು ಕೊಟ್ಟಿದ್ದೇವೆ. ಹಾಗಾದರೆ ‘ಎಡಕ್ಕಿದೆ’ ಎಂಬುದನ್ನಷ್ಟೇ ಅಲ್ಲ, ‘ಎಷ್ಟು ಎಡಕ್ಕಿದೆ’ ಎಂಬುದನ್ನೂ ಆ ಫೋಟೊ ಹೇಳಬಲ್ಲದು. ಹೇಳದಿದ್ದದ್ದು ಫೋಟೊ ಅಲ್ಲ, ಕೇಳದಿದ್ದದ್ದು ನಾನು.

ಕೇಳದೇ ಬಿಟ್ಟಿದ್ದರೂ ನಡೆಯುತ್ತಿತ್ತು. ಕೇಳಿದೆ. ಲ್ಯಾಪ್‌ಟಾಪಿನಲ್ಲಿ ಫೋಟೊ ಹಿಗ್ಗಿಸಿ ಸ್ಕೇಲು ಇಟ್ಟೆ. ಮರದ ಕಾಂಡದ ಅಗಲ 16 ಮಿಲಿಮೀಟರ್. ಕಾಂಡದ ನಡುವಿನಿಂದ ಕಂಬಕ್ಕೆ 40 ಮಿಲಿಮೀಟರ್. ಬೆಳಿಗ್ಗೆ ಯಾರಿಗೂ ಹೇಳದೆ ಮರಕ್ಕೆ ಹಗ್ಗ ಸುತ್ತಿ ಅಳೆದೆ. ಸುತ್ತಳತೆ ಆರೂಕಾಲು ಅಡಿ, ಅಂದರೆ ಅಗಲ 2 ಅಡಿ. ಕಾಂಡದ ಎರಡೂವರೆ ಪಟ್ಟು ಎಂದರೆ 5 ಅಡಿ. ಮರ ಇರುವ ದೂರದಲ್ಲಿ, ನನ್ನ ನೋಟದ ಗೆರೆಯಿಂದ ಮರದ ನಡು 5 ಅಡಿ ಎಡಕ್ಕಿದೆ. ಆ ಗೆರೆ ಗಡಿಯಿಂದ ನಮ್ಮ ಕಡೆಗೆ ಇರುವುದು 4 ಅಡಿ ಮಾತ್ರ. ನಾಲ್ಕರಲ್ಲಿ ಐದು ಕಳೆದರೆ ಮರದ ನಡು ಗಡಿಯಿಂದ ಒಂದು ಅಡಿ ಆಚೆ, ದೊಡ್ಡಪ್ಪನ ಪಾಲಿನಲ್ಲಿ.

ಮತ್ತೆ ಮತ್ತೆ ಅಳೆದೆ. ಒಂದು ಮಿಲಿಮೀಟರ್ ತಪ್ಪಿದರೆ ಒಂದೂವರೆ ಇಂಚು ಆಚೀಚೆ ಆಗುತ್ತಿತ್ತು, ಒಂದು ಅಡಿ ಆಗುತ್ತಿರಲಿಲ್ಲ. ದೊಡ್ಡಪ್ಪನ ವಾದ ತಪ್ಪು, ಉತ್ತರ ಸರಿ. ಪರೀಕ್ಷೆಯಲ್ಲಿ ಹೀಗೆ ಬರೆದರೆ ಮೇಷ್ಟ್ರು ಅಂಕ ಕತ್ತರಿಸುತ್ತಾರೆ. ಹಲಸಿನ ಮರದ ವಿಷಯದಲ್ಲಿ ಏನು ಮಾಡಬೇಕು?

ಮೂರು ದಿನ ಸುಮ್ಮನಿದ್ದೆ. ಪುಸ್ತಕ ತೆರೆದರೆ ಅಲ್ಲೂ ಅದೇ. ಸಾಮಾನ್ಯ ವಿಜ್ಞಾನದ ಟಿಪ್ಪಣಿಯಲ್ಲಿ ಕಾರ್ಟೊಸ್ಯಾಟ್-1, ಉಡಾವಣೆ 2005ರ ಮೇ 5 ಎಂದು ಒಂದು ಸಾಲಿತ್ತು, ಉರುಹೊಡೆದಿದ್ದೆ. ಈಗ ಹುಡುಕಿ ಓದಿದೆ. ಬೆಂಗಳೂರಿನಿಂದ ನಡೆಸುತ್ತಿದ್ದ ಇಸ್ರೊದ ಆ ಉಪಗ್ರಹದಲ್ಲಿ ಎರಡು ಕ್ಯಾಮೆರಾ. ಒಂದು 26 ಡಿಗ್ರಿ ಮುಂದಕ್ಕೆ ಬಾಗಿ ನೋಡುತ್ತದೆ, ಇನ್ನೊಂದು 5 ಡಿಗ್ರಿ ಹಿಂದಕ್ಕೆ. ಮುಂದಿನದು ನೋಡಿದ ಬೆಟ್ಟವನ್ನೇ ಸುಮಾರು 50 ಸೆಕೆಂಡಿನ ನಂತರ ಹಿಂದಿನದು ಇನ್ನೊಂದು ಕೋನದಿಂದ ನೋಡುತ್ತದೆ. 600 ಕಿಲೋಮೀಟರ್‌ಗೂ ಮೇಲಿನಿಂದ ಒಂದು ಫೋಟೊದಲ್ಲಿ ಬೆಟ್ಟದ ಎತ್ತರ ತಿಳಿಯುವುದಿಲ್ಲ, ಎರಡರ ನಡುವಿನ ಸರಿತದಿಂದ ತಿಳಿಯುತ್ತದೆ. ದೊಡ್ಡಪ್ಪ ಎರಡು ಬಾಗಿಲಿಗೆ ಓಡಾಡಿ ನೋಡಿದ್ದೂ ಅದೇ ಕೆಲಸ. ಹಳ್ಳಿಗಳ ಮನೆ-ಹಿತ್ತಲಿಗೆ ಹಕ್ಕುಪತ್ರ ಕೊಡಲು 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲೂ ಡ್ರೋನು ಒಂದರ ಮೇಲೊಂದು ಮುಚ್ಚುವಂತೆ ನೂರಾರು ಫೋಟೊ ತೆಗೆಯುತ್ತದೆ. ಒಂದೇ ಫೋಟೊ ನಂಬಿದರೆ ಎತ್ತರದ ಮರ, ನೀರಿನ ಟ್ಯಾಂಕು ಎಲ್ಲ ಅಂಚಿನ ಕಡೆ ವಾಲಿಕೊಂಡು ಪಕ್ಕದವರ ಜಾಗದ ಮೇಲೆ ಮಲಗಿರುತ್ತವೆ. ನನ್ನ ಗೆಳತಿಯೊಬ್ಬಳು ಬೆಂಗಳೂರಿನಲ್ಲಿ ರಸ್ತೆಯ ಫೋಟೊಗಳಲ್ಲಿ ವಾಹನಗಳ ಸುತ್ತ ಚೌಕ ಬರೆಯುವ ಕೆಲಸ ಮಾಡುತ್ತಾಳೆ, ಕಂಪ್ಯೂಟರಿಗೆ ಕಲಿಸಲು. ‘ಯಾವುದು ಹತ್ತಿರ, ಯಾವುದು ದೂರ ಅಂತ ನನಗೇ ಎಷ್ಟೋ ಸಲ ಗೊತ್ತಾಗಲ್ಲ ಮಾರಾಯ್ತಿ’ ಎನ್ನುತ್ತಾಳೆ.

ನಾಲ್ಕನೇ ದಿನ ಕೊಟ್ಟಿಗೆಯಲ್ಲಿ ಅಪ್ಪ ಒಬ್ಬರೇ ಇದ್ದಾಗ ಹೇಳಿದೆ. ಲೆಕ್ಕದ ಹಾಳೆ ತೋರಿಸಿದೆ. ಅಪ್ಪ ಹಾಳೆ ನೋಡಲಿಲ್ಲ. ಹಸುವಿನ ಮೈ ತಿಕ್ಕುತ್ತಾ, ‘ಮೊನ್ನೆ ಯಾಕೆ ಹೇಳಲಿಲ್ಲ?’ ಎಂದರು. ಮೊನ್ನೆ ಗೊತ್ತಿರಲಿಲ್ಲ ಎಂದೆ. ‘ಈಗ ಯಾಕೆ ಹೇಳಿದೆ?’ ಎಂದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಅವತ್ತು ಇಡೀ ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಲೆಕ್ಕ ಸರಿ ಬಂದ ಸಂತೋಷವನ್ನು ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ಇರುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಗಡಿಕಲ್ಲಿನ ಮೇಲಿನ ಕಟ್ಟಿಗೆ ರಾಶಿಯನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕೆ ಇಡುತ್ತಿದ್ದರು. ನಾನೂ ಕೈ ಹಾಕಿದೆ. ಕಲ್ಲು ಸಿಕ್ಕಿತು. ಗಾರೆ ಕೆಲಸದವರಿಂದ ತೂಕದ ಗುಂಡು ತಂದು, ಕಲ್ಲಿನ ಮೇಲೆ ನೇರ ಇಳಿಯುವಂತೆ ಕೋಲಿನಿಂದ ದಾರ ಇಳಿಬಿಟ್ಟೆವು. ಬಣವೆಯ ಮೇಲಿನಿಂದ ಕಂಬದ ತುದಿ, ಮರದ ಮೇಲ್ಭಾಗ ಎರಡೂ ಕಾಣುತ್ತಿದ್ದವು. ದಾರ ಮತ್ತು ಕಂಬ ಒಂದರ ಮೇಲೊಂದು ಕೂರುವ ಹಾಗೆ ಕಣ್ಣಿಟ್ಟರೆ, ಗಡಿಯ ಉದ್ದಕ್ಕೂ ಎದ್ದು ನಿಂತ ಒಂದು ಗೋಡೆ ಇದ್ದಿದ್ದರೆ ಅದನ್ನು ಅಂಚಿನಿಂದ ನೋಡಿದಂತೆ. ಆಗ ಇಡೀ ಗೋಡೆ ಒಂದು ಗೆರೆಯಾಗುತ್ತದೆ. ಅಲ್ಲಿ ಹತ್ತಿರ, ದೂರ ಎಂಬ ಮೋಸ ನಡೆಯುವುದಿಲ್ಲ. ಎಡಕ್ಕೆ ಕಂಡದ್ದು ಎಡಕ್ಕೇ ಇದೆ.

ಅಪ್ಪ ಒಂದು ಕಣ್ಣು ಮುಚ್ಚಿ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ನಿಂತು ಗೋಡೆಯಾಚೆಗೆ, ‘ಅಣ್ಣಾ, ಒಂಚೂರು ಬಾರೋ ಇಲ್ಲಿ’ ಎಂದು ಕೂಗಿದರು.

ದೊಡ್ಡಪ್ಪ ಬಂದು ನೋಡಿದರು. ಅವರೇನೂ ಕುಣಿಯಲಿಲ್ಲ. ಮರ ಗೆರೆಗೆ ಅಂಟಿಕೊಂಡ ಹಾಗೇ ಕಾಣುತ್ತಿತ್ತು, ಇನ್ನೊಮ್ಮೆ ಜಗಳ ತೆಗೆಯಲು ಇಬ್ಬರಿಗೂ ಜಾಗ ಇತ್ತು. ‘ಬಣವೆ ಕರಗಲಿ, ಹಗ್ಗ ಕಟ್ಟಾಣ’ ಎಂದರು. ಬೇಸಿಗೆಯಲ್ಲಿ ಎರಡೂ ಮನೆಯ ಹಸುಗಳು ಹುಲ್ಲು ಮುಗಿಸಿದ ಮೇಲೆ ಬಾಳೆ ಸವರಿ ಕಲ್ಲಿನಿಂದ ಕಂಬಕ್ಕೆ ಹಗ್ಗ ಎಳೆದೆವು. ಹಗ್ಗಕ್ಕೂ ಮರದ ತೊಗಟೆಗೂ ನಡುವೆ ನಾಲ್ಕು ಬೆರಳು. ಮರ ಆಚೆ, ಬೇರು ಎರಡೂ ಕಡೆ. ನನ್ನ ಲೆಕ್ಕದ ಪ್ರಕಾರ ಹಗ್ಗ ತೊಗಟೆಯನ್ನು ಮುಟ್ಟಬೇಕಿತ್ತು. ಮೂರು ಇಂಚು ತಪ್ಪಿದ್ದೆ. ಸ್ಕೇಲಿನಲ್ಲಿ ಎರಡು ಮಿಲಿಮೀಟರ್.

ಆ ವರ್ಷದ ಹಣ್ಣು ಎಂದಿನಂತೆ ಎರಡು ಮನೆಗೂ ಬಂತು. ದೊಡ್ಡಮ್ಮ ಹಪ್ಪಳಕ್ಕೆ ಅಮ್ಮನನ್ನೇ ಕರೆದರು. ಮರ ಕಡಿಯುವ ಮಾತು ಆಷಾಢ ಕಳೆಯಲಿ ಎಂದು ಮುಂದಕ್ಕೆ ಹೋಗಿದೆ. ಅಣ್ಣನ ಮನೆಯ ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿದೆ, ಸಾಲದ ಮುಂದಿನ ಕಂತಿಗೆ ಬ್ಯಾಂಕಿನವರು ಫೋಟೊ ಕೇಳಿದ್ದಾರೆ. ಮೊನ್ನೆ ದೊಡ್ಡಪ್ಪ ಮೊಬೈಲು ಹಿಡಿದುಕೊಂಡು ನಮ್ಮ ಮನೆಗೇ ಬಂದರು.

‘ಬಾರೇ, ಮನೆ ಫೋಟೊ ತೆಗೆದುಕೊಡು’ ಎಂದವರು, ಎರಡು ಹೆಜ್ಜೆ ಹೋಗಿ ತಿರುಗಿ ನಿಂತರು. ‘ಎಲ್ಲಿ ನಿಂತು ತೆಗೀತೀಯ ಅಂತ ಮೊದಲೇ ನಂಗೆ ಹೇಳಿಬಿಡು.’